ಸರಿಯಾದ ಹೆಸರು ನಮೂದಿಸಿ

ನನ್ನ ಷಡ್ಡಕ ಒಳ್ಳೆಯವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲು ಮನಸ್ಸು ಬರದೆ ಹೋಗಬಹುದು. ಹೆಂಡತಿಯ ತಂಗಿಯ ಗಂಡ ಒಳ್ಳೆಯವನಾಗಿರುವುದಕ್ಕಿಂತ ದೊಡ್ಡ ಕಷ್ಟ ಸಂಸಾರಸ್ಥನಿಗೆ ಬೇರೊಂದಿಲ್ಲ. ಕೆಟ್ಟವನಾಗಿದ್ದರೆ ನಾಲ್ಕು ಜನರೆದುರು ಬೈಯಬಹುದು. ಒಳ್ಳೆಯವನನ್ನು ಬಾಗಿಲು ಹಾಕಿಕೊಂಡು ಬೈಯಬೇಕಾಗುತ್ತದೆ.

ನನ್ನ ಹಾರ್ಡ್‌ವೇರ್ ಅಂಗಡಿಗೆ ಇಪ್ಪತ್ತೆರಡು ವರ್ಷ. ಅವನದಕ್ಕೆ ನಾಲ್ಕು. ಅದಕ್ಕೆ ಮುಂಚೆ ಅವನು ಕನ್ನಡಕ ಮಾರುತ್ತಿದ್ದ. ಅದು ಕೈಹತ್ತಲಿಲ್ಲವೆಂದು ಅತ್ತೆಯವರು ಹೇಳಿದ್ದಕ್ಕೆ ನಾನೇ ಮೂರು ತಿಂಗಳು ಅವನನ್ನು ನನ್ನ ಪಕ್ಕ ನಿಲ್ಲಿಸಿಕೊಂಡು ನಟ್ಟು ಯಾವುದು, ಬೋಲ್ಟು ಯಾವುದು ಎಂದು ತೋರಿಸಿಕೊಟ್ಟೆ. ಮೂರು ತಿಂಗಳಾದ ಮೇಲೆ ಅವನು ಊರಿನ ಆ ತುದಿಯಲ್ಲಿ ಸ್ವಂತ ಅಂಗಡಿ ತೆರೆದ. "ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡಂತಾಯಿತು" ಎಂದು ನಾನು ಅಂದಾಗ ನನ್ನ ಹೆಂಡತಿ, "ನಿಮ್ಮ ಹುತ್ತ ನಿಮ್ಮ ಹತ್ರಾನೇ ಇದೆಯಲ್ರೀ, ಅವರು ಬೇರೆ ಕಟ್ಕೊಂಡ್ರು" ಅಂದಳು. ಗಾದೆಗಳನ್ನು ಹೀಗೆ ಜಗ್ಗಿ ನೋಡಿದರೆ ಯಾವುದೂ ನಿಲ್ಲುವುದಿಲ್ಲ.

ನನ್ನ ಅಂಗಡಿಯಲ್ಲಿ ಒಂದು ಶಿಸ್ತಿದೆ. ಸಾಮಾನನ್ನು ಅದರ ಹೆಸರು ಹಿಡಿದೇ ಕೇಳಬೇಕು. "ಅದು ಕೊಡಿ, ನೀರು ಬರುತ್ತಲ್ಲ, ಅದರೊಳಗೆ ಹಾಕ್ತಾರಲ್ಲ, ಗುಂಡಗಿರುತ್ತಲ್ಲ" ಎಂದು ಬಂದವರನ್ನು ನಾನು ಹಾಗೇ ನಿಲ್ಲಿಸುತ್ತೇನೆ. ಅವರಿಗೆ ಬೇಕಿರುವುದು ಅರ್ಧ ಇಂಚಿನ ರಬ್ಬರ್ ವಾಷರ್ ಎಂದು ನನಗೆ ಗೊತ್ತು. ಆದರೂ ಕೊಡುವುದಿಲ್ಲ. "ಹೆಸರು ಹೇಳಿ" ಅನ್ನುತ್ತೇನೆ. ಅವರು ಎರಡು ನಿಮಿಷ ಒದ್ದಾಡಿ, ಬೆವರು ಒರೆಸಿಕೊಂಡು, ಕೊನೆಗೆ ನಾನು ಹೇಳಿಕೊಟ್ಟದ್ದನ್ನೇ ನನಗೆ ಒಪ್ಪಿಸಿ ತೆಗೆದುಕೊಂಡು ಹೋಗುತ್ತಾರೆ. ಈ ಬೀದಿಗೆ ಹಾರ್ಡ್‌ವೇರ್ ಕಲಿಸಿದವನು ನಾನು. ಕಲಿತವರು ಯಾಕೋ ಎರಡನೇ ಸಲ ಬರುತ್ತಿರಲಿಲ್ಲ. ಕಲಿತಾಯಿತಲ್ಲ, ಇನ್ಯಾಕೆ ಬರುತ್ತಾರೆ ಎಂದುಕೊಂಡಿದ್ದೆ.

ಕಿಚ್ಚು ಹತ್ತಿದ್ದು ಪಕ್ಕದ ಕ್ಷೌರದಂಗಡಿಯಿಂದ. ಒಂದು ಬೆಳಿಗ್ಗೆ ಅದರ ಮಾಲೀಕ ಬೇಸಿನ್ನಿನ ತೂತಿಗೆ ಹಾಕುವ ಸ್ಟೀಲಿನ ಜಾಲರಿಯೊಂದನ್ನು ಬೆಳಕಿಗೆ ಹಿಡಿದು ನೋಡುತ್ತ ನಿಂತಿದ್ದ. ಅಂಥದ್ದೇ ಜಾಲರಿ ನನ್ನ ಅಂಗಡಿಯ ಎರಡನೇ ಸಾಲಿನ ಮೂರನೇ ಡಬ್ಬಿಯಲ್ಲಿದೆ.

"ಎಲ್ಲಿ ತಗೊಂಡೆ?" ಅಂದೆ.

"ನಿಮ್ಮ ಷಡ್ಡಕರ ಹತ್ರ, ಯಜಮಾನ್ರೇ. ಅವರದ್ದು ವೆಬ್‌ಸೈಟ್ ಇದೆಯಲ್ಲ. ಹುಡುಕೋ ಜಾಗದಲ್ಲಿ 'ಬೇಸಿನ್ನಲ್ಲಿ ಕೂದಲು ಕಟ್ಕೊಂಡಿದೆ' ಅಂತ ಬರೆದೆ ನೋಡಿ, ತಕ್ಷಣ ಇದೇ ಬಂತು. ನಿನ್ನೆ ಮಧ್ಯಾಹ್ನದೊಳಗೆ ಮನೆಗೇ ಕಳಿಸಿಕೊಟ್ರು."

"ನನ್ನ ಅಂಗಡಿ ಇಲ್ಲಿಂದ ಹತ್ತು ಹೆಜ್ಜೆ."

"ಹೌದು ಯಜಮಾನ್ರೇ. ಆದ್ರೆ ಇದರ ಹೆಸರು ನಂಗೆ ಗೊತ್ತಿರ್ಲಿಲ್ವಲ್ಲ."

ಹಿತ್ತಲ ಗಿಡ ಮದ್ದಲ್ಲ ಎಂಬುದನ್ನು ಕೇಳಿದ್ದೆ. ಹಿತ್ತಲ ಗಿಡಕ್ಕೆ ಅದು ಎಷ್ಟು ಉರಿಯುತ್ತದೆ ಎಂದು ಆ ದಿನ ತಿಳಿಯಿತು. ಮಧ್ಯಾಹ್ನವೇ ಅಂಗಡಿಗೆ ಬೀಗ ಹಾಕಿ ಟೈಪಿಂಗ್ ಮೇಡಮ್ ಹತ್ತಿರ ಹೋದೆ.

ಟೈಪಿಂಗ್ ಮೇಡಮ್ ಒಂದು ಕಾಲದಲ್ಲಿ ಅರ್ಧ ಊರಿಗೆ ಟೈಪಿಂಗ್ ಕಲಿಸಿದವರು. ಕಲಿಯುವವರು ನಿಂತುಹೋದ ಮೇಲೆ ಅದೇ ಕೋಣೆಯಲ್ಲಿ, ಅದೇ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ವೆಬ್‌ಸೈಟ್ ಮಾಡಿಕೊಡಲು ಶುರುಮಾಡಿದರು. ಷಡ್ಡಕನ ವೆಬ್‌ಸೈಟ್ ಮಾಡಿದ್ದೂ ಅವರೇ. ಬಂದವರನ್ನು ಈಗಲೂ ಬೆನ್ನು ನೇರ ಮಾಡಿ ಕೂರಲು ಹೇಳುತ್ತಾರೆ.

"ಅವರಿಗೆ ಮಾಡಿದ್ದನ್ನೇ ನಿಮಗೂ ಮಾಡಿಕೊಡ್ತೀನಿ" ಅಂದರು. "ಆದ್ರೆ ಹುಡುಕೋ ಜಾಗ ತಾನಾಗಿ ಏನೂ ತಿಳ್ಕೊಳಲ್ಲ. ಒಂದೊಂದು ಸಾಮಾನಿನ ಪಕ್ಕ ಜನ ಅದನ್ನ ಏನೇನು ಅಂತ ಕರೀತಾರೋ ಅದನ್ನೆಲ್ಲ ನೀವು ಬರೆದುಕೊಡಬೇಕು. ತಪ್ಪುತಪ್ಪಾಗಿ ಕರೆಯೋದನ್ನೂ ಸೇರಿಸಿ."

"ತಪ್ಪನ್ನ ಯಾಕೆ ಬರೀಬೇಕು ಮೇಡಮ್?"

"ಜನ ಹಾಗೆ ಕೇಳ್ತಾರಲ್ಲ."

"ತಿದ್ದಿಕೊಳ್ಳಲಿ."

ಮೇಡಮ್ ಕನ್ನಡಕ ತೆಗೆದು ನನ್ನನ್ನು ನೋಡಿ, ಮತ್ತೆ ಹಾಕಿಕೊಂಡರು. "ಇನ್ನೊಂದು ಮಾತು. ದಿನಾ ಬೆಳಿಗ್ಗೆ ನಿಮಗೆ ಒಂದು ಪಟ್ಟಿ ಬರುತ್ತೆ, ಅದನ್ನ ನೀವು..."

"ಪಟ್ಟಿ ನನ್ನ ಹತ್ರಾನೇ ಇದೆ" ಎಂದು ನಾನು ಅವರ ಮೇಜಿನ ಮೇಲೆ ನನ್ನ ಸಾಮಾನಿನ ಪಟ್ಟಿಯನ್ನು ಇಟ್ಟೆ. ಒಂದು ಸಾವಿರದ ನೂರ ನಲವತ್ತು ಹೆಸರು, ಒಂದೂ ತಪ್ಪಿಲ್ಲ. ಮೇಡಮ್ ಮಾತು ಅಲ್ಲಿಗೆ ನಿಲ್ಲಿಸಿದರು. ನಾನು ಹೊರಡುವಾಗ ಒಂದೇ ಒಂದು ಕೇಳಿದರು: "ಹುಡುಕಿದ್ದು ಸಿಗದೇ ಇದ್ರೆ ಏನಂತ ತೋರಿಸ್ಲಿ? ನಿಮ್ಮ ಷಡ್ಡಕರದ್ದರಲ್ಲಿ 'ಕ್ಷಮಿಸಿ, ಇದು ನಮ್ಮಲ್ಲಿಲ್ಲ' ಅಂತಿದೆ."

"ಗೊತ್ತಿಲ್ಲದೆ ಬಂದವರು ಅವರು, ಕ್ಷಮೆ ನಾನ್ಯಾಕೆ ಕೇಳ್ಲಿ? 'ಸರಿಯಾದ ಹೆಸರು ನಮೂದಿಸಿ' ಅಂತ ಹಾಕಿ."

ವೆಬ್‌ಸೈಟ್ ಬಂದ ದಿನ ನನ್ನ ಹೆಂಡತಿ ಫೋನ್ ಹಿಡಿದು ಮೊದಲ ಹುಡುಕಾಟ ನಡೆಸಿದಳು. "ನಲ್ಲಿ" ಎಂದು ಬರೆದಳು. ಸರಿಯಾದ ಹೆಸರು ನಮೂದಿಸಿ ಎಂದು ಬಂತು.

"ನಿಮ್ಮ ಅಂಗಡೀಲಿ ನಲ್ಲೀನೇ ಇಲ್ವಂತಲ್ರೀ."

"ಮೂವತ್ತೆರಡು ಥರ ಇದೆ. 'ಬಿಬ್ ಕಾಕ್, ಹಿತ್ತಾಳೆ, ಅರ್ಧ ಇಂಚು' ಅಂತ ಬರಿ."

"ಮನೇಲಿ ನಲ್ಲಿ ಸೋರ್ತಿರುವಾಗ ಯಾರಿಗೆ ಅಷ್ಟು ವ್ಯವಧಾನ ಇರುತ್ತೆ?" ಎಂದು ಅವಳು ಫೋನನ್ನು ನನ್ನ ಕೈಗೆ ಕೊಟ್ಟಳು. ವಿದ್ಯೆಗೆ ಮನೆಯಲ್ಲಿ ಬೆಲೆಯಿಲ್ಲ ಎಂದುಕೊಂಡೆ.

ಇದೆಲ್ಲ ಹೀಗೇ ನಡೆದುಕೊಂಡು ಹೋಗುತ್ತಿತ್ತೋ ಏನೋ. ಅಷ್ಟರಲ್ಲಿ ಅತ್ತೆಯವರು ಫೋನ್ ಮಾಡಿ ಮನೆ ರಿಪೇರಿ ಮಾಡಿಸುತ್ತೇನೆ ಅಂದರು. ನಲ್ಲಿ, ಬಾಗಿಲು, ಚಿಲಕ, ಬೀಗ, ಬಣ್ಣ, ಎಲ್ಲ ಹೊಸದು.

"ಇಬ್ಬರು ಅಳಿಯಂದ್ರೂ ಅಂಗಡಿ ಇಟ್ಟಿದ್ದೀರಿ. ಹಂಚಿ ಕೊಟ್ರೆ ಇಬ್ಬರಿಗೂ ಬೇಜಾರು. ಅದಕ್ಕೆ ಒಬ್ಬರಿಗೇ ಕೊಡ್ತೀನಿ. ಮೊಣಕಾಲು ನೋವು, ಅಂಗಡಿಗೆ ಬಂದು ನೋಡಕ್ಕಾಗಲ್ಲ. ಇಬ್ಬರದ್ದೂ ಫೋನಲ್ಲೇ ನೋಡ್ತೀನಿ. ಬರೋ ತಿಂಗಳ ಕೊನೇ ಭಾನುವಾರ ಎಲ್ಲರೂ ಊಟಕ್ಕೆ ಬನ್ನಿ, ಹೇಳ್ತೀನಿ" ಅಂದರು.

ಇದು ವ್ಯಾಪಾರದ ಮಾತಲ್ಲ. ಆ ಮನೆಯಲ್ಲಿ ಇನ್ನು ಇಪ್ಪತ್ತು ವರ್ಷ ನಲ್ಲಿ ತಿರುಗಿಸಿದಾಗಲೆಲ್ಲ, ಚಿಲಕ ಸರಿಸಿದಾಗಲೆಲ್ಲ "ಇದು ಯಾವ ಅಳಿಯಂದು?" ಎಂದು ಬಂದವರು ಕೇಳುತ್ತಾರೆ. ಅದಕ್ಕೆ ಅತ್ತೆಯವರು ಯಾರ ಕಡೆ ಕೈ ತೋರಿಸುತ್ತಾರೆ ಎಂಬುದೇ ಪ್ರಶ್ನೆ. ದೊಡ್ಡ ಅಳಿಯ ನಾನು. ಆ ಕೈ ಊರಿನ ಆ ತುದಿಯ ಕಡೆಗೆ ತಿರುಗಿದರೆ ನಾನು ಆ ಮನೆಯಲ್ಲಿ ನೀರು ಕುಡಿಯುವುದು ಹೇಗೆ?

ಬುದ್ಧಿ ನೆಟ್ಟಗಿದ್ದವನು ಇಂಥ ಹೊತ್ತಿನಲ್ಲಿ ತನ್ನ ವೆಬ್‌ಸೈಟನ್ನು ಸರಿಮಾಡಿಕೊಳ್ಳುತ್ತಾನೆ. ನಾನು ಷಡ್ಡಕನ ವೆಬ್‌ಸೈಟ್ ತೆರೆದೆ. ಅವನಲ್ಲಿ ಏನಿಲ್ಲ ಎಂದು ತಿಳಿದುಕೊಂಡರೆ ಅತ್ತೆಯವರ ಕಿವಿಗೆ ಹಾಕಬಹುದಲ್ಲ.

ಮೊದಲು "ಗ್ಲಾಸ್ ಕಟರ್" ಎಂದು ಬರೆದೆ. "ಕ್ಷಮಿಸಿ, ಇದು ನಮ್ಮಲ್ಲಿಲ್ಲ" ಎಂದು ಬಂತು.

ಆ ಸುಖವನ್ನು ಏನೆಂದು ಹೇಳಲಿ. ಎಂಟು ವರ್ಷದ ಸಂಬಂಧದಲ್ಲಿ ಷಡ್ಡಕ ನನ್ನಲ್ಲಿ ಕ್ಷಮೆ ಕೇಳಿದ್ದು ಅದೇ ಮೊದಲು. ಅವನು ತಪ್ಪೇ ಮಾಡುತ್ತಿರಲಿಲ್ಲವಾದ್ದರಿಂದ ಕೇಳುವ ಸಂದರ್ಭವೇ ಬಂದಿರಲಿಲ್ಲ. ತಾಮ್ರದ ಮೊಳೆ ಎಂದೆ, ಕ್ಷಮಿಸಿ ಎಂದ. ಎಡಕ್ಕೆ ತಿರುಗಿಸಿದರೆ ಬಿಗಿಯಾಗುವ ಬೋಲ್ಟು ಎಂದೆ, ಕ್ಷಮಿಸಿ ಎಂದ. ಮರ ಕೆತ್ತುವ ಸಣ್ಣ ಉಳಿ, ಹಳೇ ಪೆಟ್ಟಿಗೆಯ ಬೀಗ, ಕಿಟಕಿ ಕೊಂಡಿ. ದಿನಾ ಬೆಳಿಗ್ಗೆ ಹತ್ತು ಗಂಟೆಗೆ ಅಂಗಡಿಯಲ್ಲಿ ಕೂತು ಅವನಿಂದ ಇಪ್ಪತ್ತು ಮೂವತ್ತು ಸಲ ಕ್ಷಮೆ ಕೇಳಿಸುತ್ತಿದ್ದೆ. ಗಿರಾಕಿ ಬಂದರೆ ಕೈಸನ್ನೆ ಮಾಡಿ ಕಾಯಲು ಹೇಳುತ್ತಿದ್ದೆ. ಕೆಲವರು ಕಾಯುತ್ತಿದ್ದರು.

ಒಂದು ದಿನ ಹೆಂಡತಿ ಹಿಂದಿನಿಂದ ಬಂದು ಇಣುಕಿದಳು. "ಹುಡುಕ್ತಿರೋದು ಉಳಿ, ಮುಖದಲ್ಲಿ ನೋಡಿದ್ರೆ ಮದುಮಗನ ಕಳೆ" ಅಂದಳು.

ಆದರೆ ಒಂದು ವಾರ ಕಳೆಯುವಷ್ಟರಲ್ಲಿ ಏನೋ ಎಡವಟ್ಟಾಯಿತು. ಗ್ಲಾಸ್ ಕಟರ್ ಎಂದು ಮತ್ತೆ ಬರೆದರೆ ಚಿತ್ರ ಸಮೇತ ಗ್ಲಾಸ್ ಕಟರ್ ಬಂತು. ಮರುದಿನ ತಾಮ್ರದ ಮೊಳೆ ಬಂತು. ಅದರ ಮರುದಿನ ಉಳಿ, ಮೂರು ಅಳತೆಯಲ್ಲಿ. ನಾನು ಇಲ್ಲವೆಂದು ಕಂಡುಹಿಡಿದದ್ದೆಲ್ಲ ಐದಾರು ದಿನದಲ್ಲಿ ಅವನಲ್ಲಿ ಹುಟ್ಟುತ್ತಿತ್ತು. ಯಾರೋ ನನ್ನ ಬಾಯಿಂದ ಕಿತ್ತುಕೊಂಡು ಹೋಗಿ ಅವನಿಗೆ ಹೇಳುತ್ತಿದ್ದಾರೆ. ಯಾರು? ನನ್ನ ಅಂಗಡಿಯ ಪಕ್ಕದಲ್ಲೇ ಇಡೀ ದಿನ ಕನ್ನಡಿ ಇಟ್ಟುಕೊಂಡು ಬೀದಿಯನ್ನೆಲ್ಲ ನೋಡುವವನು ಒಬ್ಬನೇ. ಅಂದಿನಿಂದ ನಾನು ಕ್ಷೌರದಂಗಡಿಯ ಮೆಟ್ಟಿಲು ಹತ್ತಲಿಲ್ಲ.

ನಾಲ್ಕನೇ ವಾರಕ್ಕೆ ಕೂದಲು ಕಿವಿ ಮುಚ್ಚಿತು. ಕ್ಷೌರದವನೇ ನನ್ನ ಅಂಗಡಿಯ ಬಾಗಿಲಿಗೆ ಬಂದ. "ಯಜಮಾನ್ರೇ, ಮನೇಲಿ ಎಲ್ಲ ಕ್ಷೇಮ ತಾನೇ? ಏನಾದ್ರೂ ಹರಕೆನಾ?"

"ಗೂಢಚಾರರಿಗೆ ನಾನು ಉತ್ತರ ಕೊಡಲ್ಲ."

ಅವನು ಸ್ವಲ್ಪ ಹೊತ್ತು ನನ್ನ ತಲೆಯನ್ನೇ ವೃತ್ತಿಯ ಕಣ್ಣಿನಿಂದ ನೋಡಿ, "ಹಿಂದೆ ಸ್ವಲ್ಪ ಕಮ್ಮಿ ಮಾಡ್ಕೊಂಡ್ರೆ ಸಾಕು" ಎಂದು ಹೇಳಿ ಹೋದ.

ಸಾಮಾನುಗಳ ಹೆಸರು ಮುಗಿಯುತ್ತ ಬಂತು. ಕೇಳಿದ್ದೆಲ್ಲ ಅವನಲ್ಲಿ ಸಿಗುತ್ತಿತ್ತು. ಕ್ಷಮೆ ಕೇಳಿಸಿಕೊಳ್ಳದೆ ನನಗೆ ದಿನ ಸಾಗದಂತಾಗಿತ್ತು. ಆಗ ಒಂದು ಬೆಳಿಗ್ಗೆ ತಡೆಯಲಾರದೆ "ಸೊಕ್ಕು" ಎಂದು ಬರೆದೆ.

"ಕ್ಷಮಿಸಿ, ಇದು ನಮ್ಮಲ್ಲಿಲ್ಲ."

ಸುಳ್ಳು, ಆದರೂ ಹಿತವಾಗಿತ್ತು. ಅಲ್ಲಿಂದ ಮುಂದೆ ನಾನು ಮನಸ್ಸು ಬಿಚ್ಚಿ ಬರೆಯತೊಡಗಿದೆ. ವೆಬ್‌ಸೈಟಿಗೆ ಕಿವಿಯಿದೆಯೇ, ಬಾಯಿಯಿದೆಯೇ? ಅದು ಯಾರಿಗೆ ಹೇಳುತ್ತದೆ? ಹೆಂಡತಿಯೆದುರು ಹೇಳಲಾಗದ್ದನ್ನೆಲ್ಲ ಆ ಸಣ್ಣ ಚೌಕದಲ್ಲಿ ಹೇಳಿಕೊಂಡೆ. ಎಲ್ಲಕ್ಕೂ ಅದು ವಿನಯದಿಂದ ಕ್ಷಮೆ ಕೇಳಿತು.

ಭಾನುವಾರ ಬಂತು. ಅತ್ತೆಯವರ ಮನೆಗೆ ಹೋದರೆ ಮುಂಬಾಗಿಲು ಸದ್ದಿಲ್ಲದೆ ತೆರೆದುಕೊಂಡಿತು. ವರ್ಷಗಳಿಂದ ಕಿರ್ ಅನ್ನುತ್ತಿದ್ದ ಬಾಗಿಲು. ಅದಕ್ಕೆ ಹಾಕಿದ ಎಣ್ಣೆ ಯಾವ ಅಂಗಡಿಯದೋ, ನನ್ನದಂತೂ ಅಲ್ಲ.

ಊಟವಾದ ಮೇಲೆ ಎಲ್ಲರೂ ನಡುಮನೆಯಲ್ಲಿ ಕೂತೆವು. ಅತ್ತೆ, ನನ್ನ ಹೆಂಡತಿ, ನಾದಿನಿ, ನಾನು. ಷಡ್ಡಕ ಮಾತ್ರ ಕೂರದೆ, ಜೇಬಿನಿಂದ ಮಡಿಸಿದ ಹಾಳೆಗಳನ್ನು ತೆಗೆದ.

"ಅತ್ತೆ, ನೀವು ತೀರ್ಮಾನ ಹೇಳೋಕೆ ಮುಂಚೆ ಒಂದು ಮಾತು. ನನ್ನ ಅಂಗಡಿ ಈಗ ನಾಲ್ಕು ಜನ ಮೆಚ್ಚೋ ಹಾಗಿದ್ರೆ ಅದು ನನ್ನಿಂದಲ್ಲ. ಒಬ್ಬ ಹಿರಿಯರಿದ್ದಾರೆ. ಯಾರು ಅಂತ ಗೊತ್ತಿಲ್ಲ. ದಿನಾ ಬೆಳಿಗ್ಗೆ ಹತ್ತಕ್ಕೆ ನನ್ನ ವೆಬ್‌ಸೈಟಿಗೆ ಬಂದು, ಏನಿಲ್ಲವೋ ಅದನ್ನೇ ಹುಡುಕ್ತಾರೆ. ಜನ ಹುಡುಕಿ ಸಿಗದೇ ಹೋದದ್ದರ ಪಟ್ಟಿ ನಂಗೆ ಮರುದಿನ ಬರುತ್ತೆ. ಅವರು ಕೇಳಿದ್ದನ್ನೆಲ್ಲ ತರಿಸ್ತಾ ಹೋದೆ. ಅಣ್ಣ, ನಿಮ್ಮ ಮುಂದೆ ಹೇಳ್ಬಾರ್ದು, ಈ ಊರಲ್ಲಿ ಹಾರ್ಡ್‌ವೇರ್ ಅಷ್ಟು ಬಲ್ಲವರು ಇನ್ನೊಬ್ಬರಿಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ಇಪ್ಪತ್ತೆರಡು ವರ್ಷ ನಾನಿರುವ ಊರಿನಲ್ಲಿ ನನಗಿಂತ ಬಲ್ಲವನು, ಅದೂ ನನಗೆ ಗೊತ್ತಿಲ್ಲದೆ.

"ಯಾರೋ ಕೆಲಸವಿಲ್ಲದವನು ಬಾಯಿಗೆ ಬಂದದ್ದು ಬರೆದಿರ್ತಾನೆ" ಅಂದೆ.

"ಇಲ್ಲ ಅಣ್ಣ, ಕೇಳಿ. 'ಎಡಕ್ಕೆ ತಿರುಗಿಸಿದರೆ ಬಿಗಿಯಾಗುವ ಬೋಲ್ಟು.' ಇಂಥದ್ದು ಇದೆ ಅಂತಾನೇ ನಂಗೆ ಗೊತ್ತಿರ್ಲಿಲ್ಲ. 'ಹಳೇ ಪೆಟ್ಟಿಗೆಯ ಬೀಗ.' 'ಮರ ಕೆತ್ತುವ ಸಣ್ಣ ಉಳಿ.'"

ಉಳಿಗೆ ಬರುವಷ್ಟರಲ್ಲಿ ನನಗೆ ಆ ಹಿರಿಯನ ಪರಿಚಯ ಸಿಕ್ಕಿತು. ಅರ್ಧ ನಿಮಿಷ ನಾನು ನನ್ನ ಮೇಲೆಯೇ ಹೊಟ್ಟೆಕಿಚ್ಚು ಪಟ್ಟಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಜೇಬಿನ ಫೋನನ್ನು ಮುಟ್ಟಿ ನೋಡಿಕೊಂಡೆ. ಹೆಂಡತಿ ಅದನ್ನು ನೋಡಿದಳು.

"ಸಾಕು ಬಿಡು, ಹೊತ್ತಾಯ್ತು" ಅಂದೆ.

"ಇನ್ನೊಂದೇ ಹಾಳೆ ಅಣ್ಣ. ಈಚೆಗೆ ಪಾಪ ಅವರಿಗೆ ಮನಸ್ಸಿಗೆ ಏನೋ ನೋವಾಗಿದೆ. 'ಸೊಕ್ಕು' ಅಂತ ಬರೆದಿದ್ದಾರೆ. ಅರ್ಥ ಆಗ್ಲಿಲ್ಲ. ಆಮೇಲೆ, 'ಕನ್ನಡಕ ಮಾರುತ್ತಿದ್ದವನಿಗೆ ಸುತ್ತಿಗೆ ಯಾಕೆ' ಅಂತ. ಅದನ್ನ ಎರಡು ದಿನ ಯೋಚನೆ ಮಾಡಿದೆ. ಸುತ್ತಿಗೆ ಕೆಲಸ ಮಾಡುವಾಗ ಕಣ್ಣಿಗೆ ಚೂರು ಹಾರದ ಹಾಗೆ ಒಂದು ಕನ್ನಡಕ ಇರಬೇಕು ಅಂತ ಸೂಚನೆ ಕೊಟ್ಟಿದ್ದಾರೆ ಅಂತ ಹೊಳೀತು. ಆ ಥರದ ಕನ್ನಡಕ ತರಿಸಿ ಸುತ್ತಿಗೆ ಪಕ್ಕ ಇಟ್ಟೆ. ಹದಿನೇಳು ಹೋಯ್ತು."

ನನ್ನ ಬೈಗುಳವೂ ಅವನಲ್ಲಿ ಬಿಕರಿಯಾಗಿತ್ತು.

"ಕೊನೇದು ಮಾತ್ರ ಏನು ತರಿಸೋದು ಅಂತ ಗೊತ್ತಾಗ್ಲಿಲ್ಲ" ಎಂದು ಅವನು ಹಾಳೆಯನ್ನು ಹತ್ತಿರ ಹಿಡಿದು ಓದಿದ. "'ಅತ್ತೆಯ ಮುದ್ದಿನ ಅಳಿಯ, ಹಲ್ಲು ಕಿರಿದದ್ದು ಸಾಕು.'"

ನಾನು ತಲೆಯೆತ್ತಿ ಫ್ಯಾನಿನ ರೆಕ್ಕೆ ಎಣಿಸತೊಡಗಿದೆ.

"ಪಾಪ, ಯಾರೋ ವಯಸ್ಸಾದವರು. ಮನೇಲಿ ಕೇಳೋರಿಲ್ಲ ಅನ್ಸುತ್ತೆ" ಅಂದಳು ನಾದಿನಿ.

"ಕೇಳೋರಿದ್ದಾರೆ ಕಣೇ. ಅವರಿಗೆ ಹೇಳಕ್ಕೆ ಬರಲ್ಲ" ಅಂದಳು ನನ್ನ ಹೆಂಡತಿ, ಗೋಡೆಯನ್ನು ನೋಡುತ್ತ.

ಅತ್ತೆಯವರು ಮೊಣಕಾಲು ನೀವಿಕೊಳ್ಳುತ್ತ, "ಎರಡೂ ಕಡೆ ನೋಡಿದೆ. ಕೆಲಸ ಚಿಕ್ಕ ಅಳಿಯಂದ್ರಿಗೆ" ಅಂದರು. ನನ್ನ ಕಡೆ ಒಮ್ಮೆ ನೋಡಿದರು. ಎದ್ದು ಒಳಗೆ ಹೋದರು.

ದಾರಿಯುದ್ದಕ್ಕೂ ಹೆಂಡತಿ ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದಳು. ಬೈದಿದ್ದರೆ ಚೆನ್ನಾಗಿತ್ತು. ಮನೆ ಬಾಗಿಲಲ್ಲಿ ತಿರುಗಿ, "ಅವರ ಪಟ್ಟಿ ಕೇಳಿದ್ರಲ್ಲ, ನಿಮ್ಮ ಪಟ್ಟೀಲಿ ಏನಿದೆ ಅಂತ ಒಂದು ದಿನ ನೋಡಿದ್ರಾ?" ಅಂದಳು.

ಮರುದಿನ ಟೈಪಿಂಗ್ ಮೇಡಮ್ ಮುಂದೆ ಬೆನ್ನು ನೇರ ಮಾಡಿ ಕೂತೆ. "ನನಗೂ ಅಂಥ ಪಟ್ಟಿ ಇದೆಯಾ?"

"ಅದನ್ನೇ ಅವತ್ತು ಹೇಳಕ್ಕೆ ಹೋಗಿದ್ದು. ನೀವು ನಿಮ್ಮ ಪಟ್ಟಿ ತೆಗೆದು ಮೇಜಿನ ಮೇಲಿಟ್ರಿ."

ಮೇಡಮ್ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಎರಡು ತಿಂಗಳಲ್ಲಿ ನಲವತ್ತಮೂರು ಹುಡುಕಾಟ. ಹೆಚ್ಚುಕಡಿಮೆ ಎಲ್ಲ ಒಂದೇ ಫೋನಿನಿಂದ, ಬೆಳಿಗ್ಗೆ ಒಂಬತ್ತರ ಸುಮಾರಿಗೆ. ಎಲ್ಲದರ ಮುಂದೆ ಸೊನ್ನೆ.

"ಬಾಗಿಲು ಕಿರ್ ಅನ್ನುತ್ತೆ." ಸೊನ್ನೆ.

"ಬಾಗಿಲಿಗೆ ಹಾಕುವ ಎಣ್ಣೆ." ಸೊನ್ನೆ.

"ಬಚ್ಚಲ ನಲ್ಲಿ ಗಟ್ಟಿ, ಮುದುಕಿಗೆ ತಿರುಗಿಸಕ್ಕಾಗಲ್ಲ." ಸೊನ್ನೆ.

ನನಗೆ ಯಾರ ಮಾತೆಂದು ಗೊತ್ತಾಯಿತು. ಮೇಡಮ್ ತಗ್ಗಿದ ದನಿಯಲ್ಲಿ ಅಂದರು: "ಹೇಳಬಾರ್ದು, ಆದ್ರೂ ಹೇಳ್ತೀನಿ. ಇದೇ ಮಾತುಗಳನ್ನ ನಿಮ್ಮ ಷಡ್ಡಕರ ವೆಬ್‌ಸೈಟಲ್ಲೂ ಹುಡುಕಿದ್ದಾರೆ, ಅಲ್ಲಿ ಸಾಮಾನು ಸಿಕ್ಕಿದೆ. ಆದ್ರೆ ಅಲ್ಲಿಗೆ ಹೋಗಿದ್ದು ಒಂಬತ್ತೂಕಾಲಕ್ಕೆ. ಒಂದು ದಿನಾನೂ ತಪ್ಪದೆ ಮೊದಲು ನಿಮ್ಮಲ್ಲಿಗೇ ಬಂದಿದ್ದಾರೆ."

ಪ್ರತಿದಿನ ಮೊದಲು ನನ್ನ ಬಾಗಿಲಿಗೆ ಬಂದಿದ್ದರು. ನಾನು ಆ ಹೊತ್ತಿಗೆ ಇನ್ನೊಬ್ಬನ ಬಾಗಿಲಲ್ಲಿ ಏನು ಬೈಯಬೇಕೆಂದು ಯೋಚಿಸುತ್ತಿದ್ದ ಮನುಷ್ಯ. ಪರದೆಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡೆ. ಪಟ್ಟಿಯ ಕೊನೆಯ ಸಾಲು ಹೋದ ಶುಕ್ರವಾರದ್ದು. ಅದನ್ನು ಮೇಡಮ್ ಓದಲಿಲ್ಲ, ನಾನೇ ಓದಿಕೊಂಡೆ.

"ಅಳಿಯಂದ್ರೆ, ಹೆಸರು ಗೊತ್ತಿದ್ದಿದ್ರೆ ನಿಮ್ಮನ್ನ ಯಾಕೆ ಕೇಳ್ತಿದ್ದೆ."

ಅದಕ್ಕೂ ನನ್ನ ವೆಬ್‌ಸೈಟ್ ಸರಿಯಾದ ಹೆಸರು ನಮೂದಿಸಲು ಹೇಳಿತ್ತು.

ಅಲ್ಲೇ ಕೂತು ಅತ್ತೆಯವರಿಗೆ ಫೋನ್ ಮಾಡಿದೆ. ಏನು ಹೇಳಬೇಕೆಂದು ತಿಳಿಯದೆ, "ಅತ್ತೆ, ಮನೆಗೆ ಇನ್ನೇನಾದ್ರೂ ಬೇಕಿತ್ತಾ?" ಅಂದೆ.

"ಎಲ್ಲ ಆ ಕಡೆ ಹೇಳಾಯ್ತಲ್ಲ ಅಳಿಯಂದ್ರೆ. ಒಂದೇ ಒಂದು ಉಳಿದಿದೆ. ಅದನ್ನೂ ಅವರಿಗೇ ಹೇಳೋಣ ಅಂತಿದ್ದೆ."

"ಬೇಡ ಅತ್ತೆ. ಅವನಿಗೆ ಹೇಳ್ಬೇಡಿ. ನಂಗೆ ಹೇಳಿ."

"ಅದೇ, ಅಡಿಗೆಮನೆ ಬಾಗಿಲು ತೆಗೆದಾಗ ಗೋಡೆಗೆ ಬಡಿಯುತ್ತಲ್ಲ, ಹಾಗೆ ಬಡೀಬಾರ್ದು ಅಂತ ಕೆಳಗೆ ನೆಲಕ್ಕೆ ಹಾಕಿರ್ತಾರಲ್ಲ, ಗುಂಡಗೆ, ಕಪ್ಪಗೆ, ರಬ್ಬರಿನ ಥರ..."

ಮೊದಲ ಆರು ಪದಕ್ಕೇ ಅದರ ಹೆಸರು ನನ್ನ ನಾಲಿಗೆಯ ತುದಿಗೆ ಬಂದು ಕೂತಿತ್ತು, ಅಳತೆ ಸಮೇತ. ಮೇಡಮ್ ಕೈಯಿಂದ ಪೆನ್ನು ಕಿತ್ತುಕೊಂಡು ಅತ್ತೆಯವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳತೊಡಗಿದೆ. "ಹ್ಞೂಂ ಅತ್ತೆ, ಆಮೇಲೆ?" ಅಂದೆ. ಅವರು ಕಾಲು ಗಂಟೆ ಹೇಳಿದರು. ಹೆಸರನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ.